ಬಡ್ತಿ ಸಿಕ್ಕ ವರ್ಷವೇ ಆದಾಯ ಇಳಿದದ್ದು ಏಕೆ?

ಪ್ರಶ್ನೆ: ಅಮೆರಿಕದ ಸಾಫ್ಟ್‌ವೇರ್ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದೇನೆ. ಸೇರುವಾಗ ನಾಲ್ಕು ವರ್ಷಗಳಲ್ಲಿ ಸಮ ಕಂತಿನಲ್ಲಿ ಕೈಸೇರುವಂತೆ 80,000 ಡಾಲರ್ ಮೌಲ್ಯದ ಷೇರು (ಆರ್‌ಎಸ್‌ಯು) ಕೊಟ್ಟಿದ್ದರು. ಆಗ ಷೇರಿನ ಬೆಲೆ 100 ಡಾಲರ್ ಇತ್ತು, ಈಗ 250 ಇದೆ. ಕಳೆದ ವರ್ಷ ಬೇಸ್ ಸಂಬಳ 42 ಲಕ್ಷ, ಬೋನಸ್ 7.9 ಲಕ್ಷ ಬಂದಿತ್ತು. ಈಗ ಬಡ್ತಿಯಾಗಿ ಬೇಸ್ 48 ಲಕ್ಷಕ್ಕೂ ಬೋನಸ್ ಶೇ 15ರಿಂದ ಶೇ 20ಕ್ಕೂ ಏರಿದೆ; ಮುಂದಿನ ನಾಲ್ಕು ವರ್ಷಕ್ಕೆಂದು 60,000 ಡಾಲರ್‌ನ ಹೊಸ ಷೇರೂ ಸಿಕ್ಕಿದೆ. ಪ್ರತಿವರ್ಷ ಹೆಚ್ಚುವರಿ ಷೇರು ಕೊಡುವ ರೂಢಿ ನಮ್ಮಲ್ಲಿಲ್ಲ. ಒಟ್ಟು ಲೆಕ್ಕ ಹಾಕಿದರೆ ಈ ವರ್ಷ 20 ಲಕ್ಷಕ್ಕೂ ಹೆಚ್ಚು ಖೋತಾ ಕಾಣುತ್ತಿದೆ. ಬಡ್ತಿಯೇ ಬೇಡ ಎನ್ನಬೇಕಿತ್ತೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ಇಳಿಕೆಗೆ ಬಡ್ತಿ ಕಾರಣವಲ್ಲ. ಮೊದಲು ಸಿಕ್ಕ 800 ಷೇರುಗಳಲ್ಲಿ ವರ್ಷಕ್ಕೆ 200ರಂತೆ ನಿಮ್ಮ ಹೆಸರಿಗೆ ಬರುತ್ತಿದ್ದವು. ಡಾಲರಿಗೆ 84 ರೂಪಾಯಿ ಎಂದು ಹಿಡಿದರೆ ಕಳೆದ ವರ್ಷ ಬಂದ ಕಂತಿನ ಬೆಲೆ 42 ಲಕ್ಷ. ಹೀಗೆ ಒಟ್ಟು ಆದಾಯ 91.9 ಲಕ್ಷವಾಯಿತು. ಆ ನಾಲ್ಕು ವರ್ಷ ಈಗ ಮುಗಿದಿವೆ. ಹೊಸ ಷೇರುಗಳು 250 ಡಾಲರಿನ ಬೆಲೆಯಲ್ಲಿ ಕೊಟ್ಟವಾದ್ದರಿಂದ ಸಂಖ್ಯೆ 240 ಮಾತ್ರ, ವರ್ಷಕ್ಕೆ 60, ಅಂದರೆ 12.6 ಲಕ್ಷ. ಇದಕ್ಕೆ 48 ಲಕ್ಷ ಬೇಸ್ ಮತ್ತು 9.6 ಲಕ್ಷ ಬೋನಸ್ ಸೇರಿಸಿದರೆ 70.2 ಲಕ್ಷ. ಬಡ್ತಿ ಬೇಡವೆಂದಿದ್ದರೂ ಹಳೆಯ ಷೇರುಗಳ ಕಂತು ನಿಲ್ಲುತ್ತಲೇ ಇತ್ತು, ಆಗ ನಿಮಗೆ ಉಳಿಯುತ್ತಿದ್ದುದು 49.9 ಲಕ್ಷ.

ಕಂಪನಿಯ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ನೀವು ಸೇರಿದ ದಿನ ಅದು ವರ್ಷಕ್ಕೆ ಕೊಡಲು ಒಪ್ಪಿದ್ದು 20,000 ಡಾಲರ್, ಅಂದರೆ 16.8 ಲಕ್ಷದ ಷೇರು. ಷೇರಿನ ಬೆಲೆ ಏರದೇ ಇದ್ದಿದ್ದರೆ ಕಳೆದ ವರ್ಷದ ಒಟ್ಟು ಆದಾಯ 66.7 ಲಕ್ಷವಾಗುತ್ತಿತ್ತು, ಈಗಿನ 70.2 ಲಕ್ಷ ಅದಕ್ಕಿಂತ ಹೆಚ್ಚೇ. ನಡುವೆ ಬಂದ 25.2 ಲಕ್ಷ ಷೇರುಪೇಟೆ ಕೊಟ್ಟದ್ದು. ಮ್ಯಾನೇಜರ್ ಆಗಲಿ ಮಾನವ ಸಂಪನ್ಮೂಲ ವಿಭಾಗವಾಗಲಿ ಅದನ್ನು ನಿಮ್ಮ ಸಂಬಳವೆಂದು ಎಂದೂ ಎಣಿಸಿರಲಿಲ್ಲ. ಉದ್ಯೋಗಿಗೆ ಇದನ್ನು ಮೊದಲೇ ಬಿಡಿಸಿ ಹೇಳುವ ಸೌಜನ್ಯವನ್ನು ಕಂಪನಿಗಳು ತೋರುವುದು ಅಪರೂಪ ಎಂಬುದೂ ನಿಜ. ಪೇಟೆ ಹಿಮ್ಮುಖವಾಗಿಯೂ ನಡೆಯುತ್ತದೆ: 2021ರ ಸೆಪ್ಟೆಂಬರ್‌ನಲ್ಲಿ 380 ಡಾಲರ್ ಮುಟ್ಟಿದ್ದ ಮೆಟಾ ಕಂಪನಿಯ ಷೇರು 2022ರ ನವೆಂಬರ್‌ನಲ್ಲಿ 90 ಡಾಲರಿಗಿಂತ ಕೆಳಗೆ ಬಿದ್ದಿತ್ತು. ಆ ನಡುವೆ ಬಡ್ತಿ ಪಡೆದವರಿಗೆ ಹಳೆಯ ಷೇರುಗಳ ಕಂತು ನಡೆಯುತ್ತಿದ್ದಾಗಲೇ ಆದಾಯ ಕುಸಿಯುವ ಸ್ಥಿತಿ ಬಂತು.

ಬಡ್ತಿಯೇ ಆದಾಯ ತಗ್ಗಿಸುವ ಸಂದರ್ಭಗಳೂ ಇಲ್ಲದಿಲ್ಲ. ನಿಮ್ಮ 7.9 ಲಕ್ಷದ ಬೋನಸ್ ಗಮನಿಸಿ: 42 ಲಕ್ಷದ ಶೇ 15 ಎಂದರೆ 6.3 ಲಕ್ಷವಷ್ಟೇ, ಉಳಿದದ್ದು ಒಳ್ಳೆಯ ರೇಟಿಂಗ್‌ನಿಂದ ಬಂದದ್ದು. ಹೊಸ ಹುದ್ದೆಯಲ್ಲಿ ನಿಮ್ಮನ್ನು ಅಳೆಯುವುದು ಆ ಹಂತದಲ್ಲಿ ಮೊದಲಿನಿಂದ ಇರುವವರ ಜೊತೆ ಹೋಲಿಸಿ. ಮೊದಲ ವರ್ಷದ ರೇಟಿಂಗ್ ಕೆಳಗಿಳಿದು ಬೋನಸ್ಸಿನ ಶೇ 80ರಷ್ಟು ಮಾತ್ರ ಬಂದರೆ ಅದು ಸುಮಾರು 7.7 ಲಕ್ಷ, ಅಂದರೆ ಹಳೆಯ ಹುದ್ದೆಯಲ್ಲಿ ಬಂದದ್ದಕ್ಕಿಂತ ಕಡಿಮೆ. ಪ್ರತಿವರ್ಷ ಹೆಚ್ಚುವರಿ ಷೇರು ಕೊಡುವ ಕಂಪನಿಗಳಲ್ಲಿ ಅದರ ಪ್ರಮಾಣವೂ ರೇಟಿಂಗ್ ಜೊತೆಗೇ ಏರಿಳಿಯುವುದುಂಟು. ಆನ್-ಕಾಲ್ (ಕರೆ ಬಂದಾಗ ಕೆಲಸಕ್ಕೆ ಸಿದ್ಧವಾಗಿರುವುದು) ಮತ್ತು ರಾತ್ರಿ ಪಾಳಿಯ ಭತ್ಯೆ ಮ್ಯಾನೇಜರ್ ಹುದ್ದೆಗೆ ಹೋದವರಿಗೆ ನಿಂತುಹೋಗುವುದೂ ಇದೆ. ನಮ್ಮ ಐಟಿ ಸೇವಾ ಕಂಪನಿಗಳಲ್ಲಿ ಹುದ್ದೆ ಏರಿದಂತೆ ವೇರಿಯೆಬಲ್ ಪೇ, ಅಂದರೆ ಸಾಧನೆಗೆ ತಕ್ಕಂತೆ ಏರಿಳಿಯುವ ವೇತನದ ಪಾಲು ಹೆಚ್ಚುತ್ತದೆ, ಕಂಪನಿಯ ತ್ರೈಮಾಸಿಕ ಫಲಿತಾಂಶ ಸಪ್ಪೆಯಾದರೆ ಅದು ಪೂರ್ತಿ ಕೈಗೆ ಬರುವುದಿಲ್ಲ.

ತೆರಿಗೆಯನ್ನು ಸೇರಿಸಿ ನೋಡಿದರೆ ನಷ್ಟ ಸ್ವಲ್ಪ ಸಣ್ಣದಾಗುತ್ತದೆ. ಷೇರು ನಿಮ್ಮ ಹೆಸರಿಗೆ ಬಂದ ದಿನದ ಬೆಲೆಯನ್ನು ಸಂಬಳದ ಭಾಗವೆಂದೇ ಪರಿಗಣಿಸಿ ತೆರಿಗೆ ಕಡಿತಗೊಳಿಸಲಾಗುತ್ತದೆ. 50 ಲಕ್ಷದಿಂದ ಒಂದು ಕೋಟಿವರೆಗಿನ ಆದಾಯಕ್ಕೆ ಶೇ 30ರ ದರ, ಶೇ 10ರ ಸರ್ಚಾರ್ಜ್, ಶೇ 4ರ ಸೆಸ್ ಸೇರಿ ಸುಮಾರು ಶೇ 34.3 ತೆರಿಗೆ ಬೀಳುವುದರಿಂದ, ಕಾಗದದ ಮೇಲಿನ 21.7 ಲಕ್ಷದ ಇಳಿಕೆ ಕೈಗೆ ಬರುವ ಹಣದಲ್ಲಿ 14 ಲಕ್ಷಕ್ಕಿಂತ ತುಸು ಹೆಚ್ಚು. ತಿಂಗಳ ಸಂಬಳವಂತೂ ಏರಿಯೇ ಇರುತ್ತದೆ. ಆದ್ದರಿಂದ ಇಎಂಐ ಕಟ್ಟಲು ತೊಂದರೆಯಾಗದು, ಷೇರು ಮಾರಿ ಸಾಲದ ಅಸಲು ತೀರಿಸುವ ಯೋಜನೆಯಿದ್ದರೆ ಮಾತ್ರ ಅದನ್ನು ಬದಲಿಸಿಕೊಳ್ಳಬೇಕು.

ಮ್ಯಾನೇಜರ್ ಬಳಿ ಬಡ್ತಿಯ ಹೆಚ್ಚಳ ಸಾಲದೆಂದು ವಾದಿಸುವುದಕ್ಕಿಂತ, ಮೊದಲ ನಾಲ್ಕು ವರ್ಷ ಮುಗಿಸಿದವರಿಗೆಂದೇ ಬೇರೆ ಷೇರು ಕೊಡುವ ಅವಕಾಶವಿದೆಯೇ ಎಂದು ಕೇಳಿ. ಹೊಸ ಹುದ್ದೆಯ ವೇತನಶ್ರೇಣಿಯಲ್ಲಿ ನಿಮ್ಮ 48 ಲಕ್ಷ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಬಡ್ತಿ ಪಡೆದವರನ್ನು ಶ್ರೇಣಿಯ ತಳದಲ್ಲಿ ಕೂರಿಸುವುದು ಸಾಮಾನ್ಯ. ಹಾಗಿದ್ದರೆ ಮುಂದಿನ ವೇತನ ಪರಿಷ್ಕರಣೆಯಲ್ಲಿ ಹೆಚ್ಚಿನದನ್ನು ಕೇಳಲು ನಿಮಗೆ ಗಟ್ಟಿಯಾದ ಆಧಾರ ಸಿಗುತ್ತದೆ.