ಟಿವಿ, ರೀಲ್ಸ್ ನೋಡಿ ಮಗಳು ‘ನಾನು ಕಪ್ಪು’ ಅಂತ ಕೊರಗುತ್ತಾಳೆ. ಟಿವಿ ಬಂದ್ ಮಾಡಿಬಿಡಲೇ?

ನೀವು ಬರೆದಿರುವುದು ಇಷ್ಟು: ಊರು ತೀರ್ಥಹಳ್ಳಿ ಹತ್ತಿರ, ಮಗಳು ಏಳನೇ ಕ್ಲಾಸು. ಸಂಜೆ ಅತ್ತೆಯವರ ಜೊತೆ ಧಾರಾವಾಹಿ ನೋಡುತ್ತಾಳೆ, ಆಮೇಲೆ ನಿಮ್ಮ ಮೊಬೈಲಿನಲ್ಲಿ ರೀಲ್ಸ್. ಈಚೆಗೆ ಬಿಳಿಯಾಗುವ ಕ್ರೀಮ್ ಬೇಕು ಅನ್ನುತ್ತಿದ್ದಾಳೆ, ವಾರ್ಷಿಕೋತ್ಸವದ ಡಾನ್ಸಿಗೂ ಬರುವುದಿಲ್ಲ ಅಂದಿದ್ದಾಳೆ. ಇದೆಲ್ಲ ನಿಜವಾಗಿ ಟಿವಿಯಿಂದ ಆಗುತ್ತದೆಯೇ, ಬಂದ್ ಮಾಡಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ.

ಪರಿಣಾಮ ಖಂಡಿತ ಆಗುತ್ತದೆ. ಆದರೂ ಟಿವಿ ಬಂದ್ ಮಾಡಬೇಡಿ, ಕಾರಣ ಮುಂದೆ ಹೇಳುತ್ತೇನೆ. ಮೊದಲು ಕ್ರೀಮಿನ ವಿಷಯ ಮುಗಿಸೋಣ, ಅದನ್ನು ಮುಂದೂಡುವ ಹಾಗಿಲ್ಲ.

ಅವಳು ಈಗಾಗಲೇ ಏನಾದರೂ ಹಚ್ಚುತ್ತಿದ್ದಾಳೆಯೇ ಎಂದು ಗದರಿಸದೆ ಕೇಳಿ. ಟ್ಯೂಬ್ ಸಿಕ್ಕರೆ ಅದರ ಮೇಲಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್, ಅಂದರೆ ಔಷಧ. ಇಂಥವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ನಿಯಮ ಬಿಗಿ ಮಾಡಿದ್ದಾರೆ. ಹಚ್ಚಿದಾಗ ಮುಖ ಬೇಗ ತಿಳಿಯಾದಂತೆ ಕಾಣುತ್ತದೆ. ಬಿಟ್ಟ ಕೂಡಲೇ ಕೆಂಪಾಗುತ್ತದೆ, ಉರಿಯುತ್ತದೆ, ಮೊಡವೆ ಏಳುತ್ತದೆ. ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ, ಚರ್ಮ ತೆಳ್ಳಗಾಗುತ್ತಾ ಹೋಗುತ್ತದೆ. ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಟ್ಯೂಬನ್ನೂ ಹಿಡಿದುಕೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಬೇರೆಡೆಯೋ ಚರ್ಮದ ಡಾಕ್ಟರಿಗೆ ತೋರಿಸಿ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಯಾವುದೂ ಇಲ್ಲದ ಡಬ್ಬಿಯಾದರೆ ಅನುಮಾನ ಪಾದರಸದ ಮೇಲೆ. 2020ರ ಪ್ರಸಾಧನ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಅಚಾತುರ್ಯದಿಂದ ಸೇರಿದ ಪಾದರಸವೂ 10 ಲಕ್ಷಕ್ಕೆ 1 ಭಾಗ ಮೀರುವಂತಿಲ್ಲ. ಮೀರಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಬಳಸಿ ಮೂತ್ರಪಿಂಡದ ತೊಂದರೆಗೆ ಸಿಕ್ಕವರ ಪ್ರಕರಣಗಳು 2023ರಲ್ಲಿ ಬೆಳಕಿಗೆ ಬಂದಿದ್ದವು.

ಈಗ ಆಸೆಯ ಮೂಲಕ್ಕೆ ಬರೋಣ. ಫೇರ್ ಆ್ಯಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು, 2020ರಲ್ಲಿ ಗ್ಲೋ ಆ್ಯಂಡ್ ಲವ್ಲಿ ಆಯಿತು. ಬಣ್ಣ ತಿಳಿಯಾದರೆ ಕೆಲಸ ಸಿಗುತ್ತದೆ, ಗಂಡು ಒಪ್ಪುತ್ತದೆ ಎಂಬ ಜಾಹೀರಾತಿನ ಕಥೆ ನಿಮ್ಮ ಅತ್ತೆ, ನೀವು, ನಿಮ್ಮ ಮಗಳು ಮೂವರಿಗೂ ಬಾಯಿಪಾಠವಾಗಿರುತ್ತದೆ. ಭಾರತದ ಟಿವಿ ಮತ್ತು ಯೂಟ್ಯೂಬಿನಲ್ಲಿ 2019ರಲ್ಲಿ ಬಂದ ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ಯುನಿಸೆಫ್ ಮತ್ತು ಅಮೆರಿಕದ ಗೀನಾ ಡೇವಿಸ್ ಸಂಸ್ಥೆ ಅಧ್ಯಯನ ಮಾಡಿದವು. ಪರದೆಯ ಮೇಲಿನ ಹೊತ್ತಿನಲ್ಲಿ ಶೇ. 59.7 ಹೆಣ್ಣು ಪಾತ್ರಗಳದ್ದೇ. ಕೇಳಲು ಚೆನ್ನಾಗಿದೆ, ಆದರೆ ಅವರು ಅಷ್ಟು ಹೊತ್ತು ಕಾಣಿಸುವುದು ಹೆಂಗಸರಿಗೇ ಸೋಪು, ಅಡುಗೆ ಸಾಮಾನು, ಸೌಂದರ್ಯ ವಸ್ತು ಮಾರುವುದಕ್ಕೆ. ತಿಳಿ ಮೈಬಣ್ಣದವರು ಹೆಣ್ಣು ಪಾತ್ರಗಳಲ್ಲಿ ಶೇ. 66.9, ಗಂಡು ಪಾತ್ರಗಳಲ್ಲಿ ಶೇ. 52.1. ಗಂಡು ಸ್ವಲ್ಪ ಕಪ್ಪಗಿದ್ದರೂ ನಡೆಯುತ್ತದೆ, ಹೆಣ್ಣಿಗೆ ಆ ವಿನಾಯಿತಿ ಕಡಿಮೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಮಗು ಕಲಿಯುವುದು ಹೀಗೆ.

ಒಂದು ಕೆಟ್ಟ ದೃಶ್ಯದಿಂದ ಇಷ್ಟೆಲ್ಲ ಆಗುವುದಿಲ್ಲ. ಒಂದೇ ಬಗೆಯ ಹೆಣ್ಣು ವರ್ಷಗಟ್ಟಲೆ ಕಣ್ಣಿಗೆ ಬೀಳುವುದರಿಂದ ಮತ್ತು ಉಳಿದ ಬಗೆಯವರು ಕಾಣದೇ ಹೋಗುವುದರಿಂದ ಆಗುತ್ತದೆ. ಇದಕ್ಕೆ ತುಂಬ ಸ್ಪಷ್ಟವಾದ ಪುರಾವೆ ಸಿಕ್ಕಿದ್ದು ಫಿಜಿ ದ್ವೀಪದಲ್ಲಿ. ಅಲ್ಲಿನ ನಾಡ್ರೋಗ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಮೈಕೈ ತುಂಬಿಕೊಂಡಿರುವುದೇ ಚಂದ ಎನ್ನುವ ಜನ ಅವರು. ಆ್ಯನ್ ಬೆಕರ್ ಎಂಬ ಸಂಶೋಧಕಿ ಅಲ್ಲಿನ ಶಾಲಾ ಹುಡುಗಿಯರನ್ನು 1995ರಲ್ಲೂ 1998ರಲ್ಲೂ ಪರೀಕ್ಷಿಸಿದರು. ಊಟದ ಬಗ್ಗೆ ಚಿಂತೆಗೀಡುಮಾಡುವ ವರ್ತನೆ ಇದ್ದವರು ಶೇ. 12.7ರಿಂದ ಶೇ. 29.2ಕ್ಕೆ ಏರಿದ್ದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷದಲ್ಲಿ ಶೇ. 11.3 ಆದರು. ಎರಡೂ ಸಲ ಪರೀಕ್ಷಿಸಿದ್ದು ಅದೇ ಹುಡುಗಿಯರನ್ನಲ್ಲ, ಬೇರೆ ಬೇರೆ ತಂಡಗಳನ್ನು. ಹಾಗಾಗಿ ಎಲ್ಲಕ್ಕೂ ಟಿವಿಯೊಂದೇ ಕಾರಣ ಎನ್ನಲಾಗದು. ಆದರೂ ತೆಳ್ಳಗಾಗಬೇಕು ಅನ್ನಿಸಿದ್ದು ಟಿವಿಯಲ್ಲಿ ಬರುವವರನ್ನು ನೋಡಿ ಎಂದು ಆ ಹುಡುಗಿಯರೇ ಹೇಳಿದ್ದಾರೆ.

ಡಾನ್ಸಿನಿಂದ ಹಿಂದೆ ಸರಿದದ್ದಕ್ಕೂ ವಿವರಣೆ ಇದೆ. ‘ನಾನು ಹೇಗೆ ಕಾಣುತ್ತಿದ್ದೇನೆ’ ಎಂದು ತನ್ನನ್ನೇ ಹೊರಗಿನಿಂದ ಕಾಯುತ್ತಾ ಕೂತವಳ ಗಮನ ಮಾಡುವ ಕೆಲಸದ ಮೇಲೆ ಪೂರ್ತಿ ನಿಲ್ಲುವುದಿಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕನ್ನಡಿ ಇರುವ ಕೋಣೆಗೆ ಕಳಿಸಿ, ಕೆಲವರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ ತೊಡಿಸಿ ಗಣಿತದ ಲೆಕ್ಕ ಕೊಟ್ಟರು. ಈಜುಡುಗೆ ತೊಟ್ಟ ಹುಡುಗಿಯರ ಅಂಕ ಕಡಿಮೆ ಬಂತು. ಹುಡುಗರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಿ.

ಹಾಗಿದ್ದರೂ ಬಂದ್ ಬೇಡ ಅಂದದ್ದು ಏಕೆ? ಇದೇ ಟಿವಿ ಹೆಣ್ಣುಮಕ್ಕಳಿಗೆ ಒಳ್ಳೆಯದನ್ನೂ ಮಾಡಿದೆ. 2001ರಿಂದ 2003ರವರೆಗೆ ಬಿಹಾರ, ಗೋವಾ, ಹರಿಯಾಣ, ತಮಿಳುನಾಡು, ದೆಹಲಿಗಳ 180 ಹಳ್ಳಿಗಳನ್ನು ಅಧ್ಯಯನ ಮಾಡಿದ ಜೆನ್ಸನ್ ಮತ್ತು ಓಸ್ಟರ್ ಎಂಬ ಅರ್ಥಶಾಸ್ತ್ರಜ್ಞರು, ಕೇಬಲ್ ಬಂದ ಹಳ್ಳಿಗಳಲ್ಲಿ ಗಂಡ ಹೊಡೆದರೆ ತಪ್ಪಿಲ್ಲ ಎನ್ನುವ ಹೆಂಗಸರು ಕಡಿಮೆಯಾದದ್ದನ್ನು, ಗಂಡುಮಗುವೇ ಬೇಕೆಂಬ ಹಂಬಲ ಇಳಿದದ್ದನ್ನು ಕಂಡರು. ಧಾರಾವಾಹಿಯ ಪಟ್ಟಣದ ಹೆಣ್ಣು ಕೆಲಸಕ್ಕೆ ಹೋಗುತ್ತಾಳೆ, ದುಡ್ಡು ಇಟ್ಟುಕೊಳ್ಳುತ್ತಾಳೆ, ಎದುರು ಮಾತಾಡುತ್ತಾಳೆ. ಅದೂ ಮನಸ್ಸಿಗೆ ಇಳಿಯುತ್ತದೆ. ಜೊತೆಗೆ, ನೀವು ಬಂದ್ ಮಾಡಿದ್ದನ್ನು ಅವಳು ಗೆಳತಿಯ ಮೊಬೈಲಿನಲ್ಲಿ ಒಬ್ಬಳೇ ನೋಡುತ್ತಾಳೆ. ಆಗ ಅದರ ಬಗ್ಗೆ ಮಾತಾಡಲು ಅವಳ ಪಕ್ಕದಲ್ಲಿ ನೀವು ಇರುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಅವಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಎಣಿಸಲು ಹೇಳಿ. ಉಪದೇಶ ಬೇಡ, ಎಣಿಕೆ ಸಾಕು. ದಿನ ಅರ್ಧ ಗಂಟೆ, ಮೂರು ದಿನ, ಜಾಹೀರಾತು ಬಿಡದೆ. ಹಾಳೆಯಲ್ಲಿ ಐದು ಕಂಬ ಗೀಚಿ: ಹೆಣ್ಣೋ ಗಂಡೋ, ಕೈ ಏನು ಮಾಡುತ್ತಿದೆ, ಏನು ಉದ್ಯೋಗ, ವಸ್ತುವಿನ ಬಗ್ಗೆ ತಿಳಿದವರ ಹಾಗೆ ವಿವರಿಸಿದವರು ಯಾರು, ಕಡೆಯಲ್ಲಿ ತೀರ್ಮಾನ ಮಾಡಿದವರು ಯಾರು. ಮೈಬಣ್ಣದ ಕಂಬ ಮೊದಲ ದಿನವೇ ಬೇಡ. ಅವಳಿಗೆ ನೋವಿರುವುದೇ ಅಲ್ಲಿ, ಅಲ್ಲಿಂದ ಶುರು ಮಾಡಿದರೆ ಪುಸ್ತಕ ಮುಚ್ಚಿಡುತ್ತಾಳೆ. ಮೂರನೇ ದಿನಕ್ಕೆ ಅವಳೇ ಸೇರಿಸಿದರೆ ಸೇರಿಸಲಿ.

ಈ ಕೆಲಸ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಎಣಿಸುವ ಮೊದಲೇ ದೊಡ್ಡವರು ಉತ್ತರ ಹೇಳಿಬಿಡುತ್ತಾರೆ. ಎರಡು, ಎಷ್ಟು ಹೆಂಗಸರು ಬಂದರು ಎಂದಷ್ಟೇ ಲೆಕ್ಕ ಹಾಕುತ್ತಾರೆ. ಧಾರಾವಾಹಿಯಲ್ಲಿ ಹೆಂಗಸರೇ ಹೆಚ್ಚು, ಆದ್ದರಿಂದ ಎಲ್ಲ ಸರಿಯಾಗಿದೆ ಅನ್ನಿಸಿಬಿಡುತ್ತದೆ. ಕೈ ಏನು ಮಾಡುತ್ತಿದೆ ಎಂಬ ಕಂಬ ಅದಕ್ಕಾಗಿಯೇ ಇರುವುದು. ಜಾಹೀರಾತಿನ ಚಿತ್ರಗಳನ್ನು 1970ರ ದಶಕದಲ್ಲಿ ಅಭ್ಯಾಸ ಮಾಡಿದ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್ಮನ್ ತೋರಿಸಿದ ಸೂಕ್ಷ್ಮವೂ ಇದೇ: ಗಂಡಿನ ಕೈ ವಸ್ತುವನ್ನು ಬಿಗಿಯಾಗಿ ಹಿಡಿಯುತ್ತದೆ, ಹೆಣ್ಣಿನ ಬೆರಳು ಬರಿದೆ ಸವರುತ್ತದೆ. ಮೂರನೆಯದು, ಅತ್ತೆಯವರ ಧಾರಾವಾಹಿಯನ್ನು ಹೀಯಾಳಿಸುವುದು. ಅವರನ್ನೂ ಎಣಿಕೆಗೆ ಕೂರಿಸಿಕೊಳ್ಳಿ. ಯಾವ ಸೊಸೆ ಯಾವಾಗ ಅಳುತ್ತಾಳೆ, ಯಾವ ಅತ್ತೆ ಏಕೆ ಒಳಸಂಚು ಮಾಡುತ್ತಾಳೆ ಎಂಬುದು ಅವರಷ್ಟು ಚೆನ್ನಾಗಿ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಆಮೇಲೆ ಅದೇ ಹಾಳೆ ಹಿಡಿದು ಮನೆಯಿಂದ ಹೊರಗೆ ನೋಡಲಿ. ಅಡಿಕೆ ಸುಗ್ಗಿ ತೆಗೆದುಕೊಳ್ಳಿ. ಮರ ಹತ್ತುವ ಕೊನೆಗಾರ ಗಂಡಸು, ಸರಿ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಸುಲಿಯುವವರಲ್ಲಿ ಬಹುಪಾಲು ಹೆಂಗಸರು. ಗದ್ದೆಯಲ್ಲಿ ನಾಟಿಯೂ ಅವರದೇ. ಟಿವಿಯಲ್ಲಿ, ಪತ್ರಿಕೆಯಲ್ಲಿ ಅಡಿಕೆ ಸುದ್ದಿ ಬಂದಾಗ ಕಾಣುವ ಮುಖ ಯಾರದು, ‘ಬೆಳೆಗಾರ’ ಎಂದು ಯಾರನ್ನು ಕರೆದಿದ್ದಾರೆ, ಎಂದು ಒಂದು ವಾರದ ಜಿಲ್ಲಾ ಪುಟ ಹರಡಿಕೊಂಡು ಅವಳೇ ಗುರುತು ಹಾಕಲಿ. ಹೆಸರಿರುವ ಪ್ರತಿ ಹೆಂಗಸಿನ ಮುಂದೆ ಅವಳು ಅಧಿಕಾರಿಯೋ, ದುಡಿಯುವವಳೋ, ಯಾರದೋ ಹೆಂಡತಿಯೋ, ಅನ್ಯಾಯಕ್ಕೆ ಒಳಗಾದವಳೋ ಎಂದು ಬರೆಯಲಿ. 1995ರಿಂದ ಐದು ವರ್ಷಕ್ಕೊಮ್ಮೆ ಜಗತ್ತಿನಾದ್ಯಂತ ನಡೆಯುವ ಸುದ್ದಿ ಸಮೀಕ್ಷೆಯೊಂದಿದೆ. ಅದರಂತೆ ಸುದ್ದಿಯಲ್ಲಿ ಬರುವವರ ಪೈಕಿ ಮಹಿಳೆಯರು 1995ರಲ್ಲಿ ಶೇ. 17 ಇದ್ದರು, 2020ರಲ್ಲಿ ಶೇ. 25. ನಿಮ್ಮ ಜಿಲ್ಲಾ ಪುಟ ಇದಕ್ಕಿಂತ ಮೇಲೋ ಕೆಳಗೋ ಎಂದು ಅವಳೇ ಶೇಕಡಾ ಲೆಕ್ಕ ಮಾಡಲಿ, ಏಳನೇ ಕ್ಲಾಸಿನ ಗಣಿತ ಅದಕ್ಕೆ ಸಾಕು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಬಹುದು. ಟಿವಿ ನೋಡುಗರ ಮನಸ್ಸನ್ನು ದಶಕಗಟ್ಟಲೆ ಅಭ್ಯಾಸ ಮಾಡಿದ ಜಾರ್ಜ್ ಗರ್ಬ್ನರ್ ಹೇಳಿದ್ದು, ಪರದೆ ತೋರಿಸುವುದೂ ಮನೆಯಲ್ಲಿ ನಡೆಯುವುದೂ ಒಂದಕ್ಕೊಂದು ತಾಳೆಯಾದಾಗ ಪರಿಣಾಮ ಇಮ್ಮಡಿಸುತ್ತದೆ ಎಂದು. ಮದುವೆಮನೆಯಲ್ಲಿ ‘ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಮ್ಮಿ’ ಅನ್ನುವ ನೆಂಟರ ಮಾತು, ‘ಬಿಸಿಲಲ್ಲಿ ತಿರುಗಬೇಡ, ಕಪ್ಪಾಗ್ತೀಯ’ ಅನ್ನುವ ಅಮ್ಮನ ಮಾತು, ಎರಡೂ ಜಾಹೀರಾತಿಗೆ ಸಾಕ್ಷಿ ಹೇಳಿದಂತೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೋ ಅಂದರೆ ಸಾಕು, ಬಣ್ಣದ ಕಾರಣ ಸೇರಿಸಬೇಡಿ. ನೆಂಟರು ಅಂದಾಗ ಮಗಳ ಎದುರಿಗೇ ‘ನಮ್ಮ ಮನೆಯಲ್ಲಿ ಬಣ್ಣದ ಮಾತು ಆಡುವುದಿಲ್ಲ ಅತ್ತಿಗೆ’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ. ಆಮೇಲೆ ಒಳಗೆ ಕರೆದು ಸಮಾಧಾನ ಮಾಡುವುದಕ್ಕಿಂತ ಅದರ ಬಲ ಹೆಚ್ಚು.

ಮೊಬೈಲಿನ ವಿಷಯ ಬೇಗ ಮುಗಿಯುತ್ತದೆ. 13 ತುಂಬದವರಿಗೆ ಖಾತೆ ಇಲ್ಲ ಎಂಬುದು ಇನ್‌ಸ್ಟಾಗ್ರಾಮಿನದೇ ನಿಯಮ. ನಿಮ್ಮ ಖಾತೆಯಲ್ಲಿ ಅವಳು ನೋಡುತ್ತಿದ್ದರೆ ಅದು ದೊಡ್ಡವರದೆಂದು ತಿಳಿದು ಎಲ್ಲವನ್ನೂ ತೋರಿಸುತ್ತದೆ. ಒಂದು ವಿಡಿಯೋವನ್ನು ನಿಂತು ನೋಡಿದರೆ ಅಂಥದ್ದೇ ಇನ್ನಷ್ಟು ಬರುತ್ತದೆ, ಬೈದುಕೊಂಡು ನೋಡಿದರೂ ಅಷ್ಟೇ. ಬಣ್ಣ, ತೂಕದ ರೀಲ್ ಬಂದಾಗ ಪೂರ್ತಿ ನೋಡದೆ ‘ನಾಟ್ ಇಂಟರೆಸ್ಟೆಡ್’ ಒತ್ತುವುದನ್ನು ಇಬ್ಬರೂ ಜೊತೆಗೆ ಮಾಡಿ.

ಕಡೆಯದಾಗಿ ದೂರು. ಬಣ್ಣದ ಜಾಹೀರಾತಿಗೆ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2014ರಲ್ಲೇ ಮಾರ್ಗಸೂಚಿ ಮಾಡಿದೆ: ಕಪ್ಪು ಮೈಬಣ್ಣದವರನ್ನು ಮದುವೆ, ಉದ್ಯೋಗ, ಬಡ್ತಿಯ ವಿಷಯದಲ್ಲಿ ಕೀಳಾಗಿ, ಸಪ್ಪೆ ಮುಖದವರಾಗಿ ತೋರಿಸುವಂತಿಲ್ಲ. 2022ರಲ್ಲಿ ಲಿಂಗದ ಕುರಿತೂ ಮಾರ್ಗಸೂಚಿ ಬಂತು. ಹೆಂಗಸು ಅಡುಗೆ ಮಾಡುವುದನ್ನು ತೋರಿಸಿದರೆ ತಪ್ಪಲ್ಲ, ಅದು ಅವಳೊಬ್ಬಳದೇ ಕೆಲಸ ಎಂದು ಸೂಚಿಸಿದರೆ ತಪ್ಪು. ಈ ಗೆರೆ ತಿಳಿಯದೆ ಬರೆದ ದೂರುಗಳೇ ಬಿದ್ದುಹೋಗುವುದು. ‘ಅಸಹ್ಯವಾಗಿದೆ, ನಿಲ್ಲಿಸಿ’ ಎಂದರೆ ಪ್ರಯೋಜನವಿಲ್ಲ. ಚಾನೆಲ್, ತಾರೀಖು, ಗಂಟೆ-ನಿಮಿಷ, ವಸ್ತುವಿನ ಹೆಸರು, ಜಾಹೀರಾತಿನಲ್ಲಿ ಆಡಿದ ಮಾತು ಅಕ್ಷರಶಃ, ಅದು ಯಾವ ಮಾರ್ಗಸೂಚಿಗೆ ವಿರುದ್ಧ ಎಂಬ ಒಂದು ಸಾಲು, ಇಷ್ಟು ಇರಲಿ. ಆಸ್ಕಿಯ ವೆಬ್‌ಸೈಟಿನಲ್ಲಿ ದೂರು ಕೊಡಲು ಖರ್ಚಿಲ್ಲ. ಧಾರಾವಾಹಿಯಾದರೆ ದಾರಿ ಬೇರೆ: ಮೊದಲು ಚಾನೆಲ್‌ಗೆ ಬರೆಯಬೇಕು. ಕೇಬಲ್ ಟಿವಿ ನಿಯಮಗಳ 2021ರ ತಿದ್ದುಪಡಿಯಂತೆ ಅವರು 24 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಿ, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ಚಾನೆಲ್‌ಗಳ ಸ್ವನಿಯಂತ್ರಣ ಮಂಡಳಿಗೆ ಮೇಲ್ಮನವಿ ಹಾಕಬಹುದು. ಚಾನೆಲ್ ಕಳಿಸಿದ ಮೊದಲ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ದೂರಿನ ವಿವರಗಳನ್ನು ಮಗಳೇ ತನ್ನ ನೋಟ್‌ಬುಕ್ಕಿನಿಂದ ತೆಗೆದು ಬರೆಯಲಿ, ಕೆಳಗೆ ಸಹಿ ನಿಮ್ಮದಿರಲಿ.