ಓದುಗರ ಪ್ರಶ್ನೆ: ಮಳೆಯಲ್ಲಿ ಮೂರು ಬೆಟ್ಟ

ಪ್ರಶ್ನೆ: ಹಸ್ತಾ ಮಳೆಯ ದಿನಗಳಲ್ಲಿ ಒಂದು ಭಾನುವಾರ ನಾವು ಆರು ಮಂದಿ ಸಹೋದ್ಯೋಗಿಗಳು ಸ್ಕಂದಗಿರಿ, ನಂದಿಬೆಟ್ಟ ಹಾಗೂ ಚನ್ನಗಿರಿಗಳನ್ನು ಒಂದೇ ದಿನದಲ್ಲಿ ಹತ್ತಿಳಿಯಬೇಕೆಂದಿದ್ದೇವೆ. ಬೆಟ್ಟದಿಂದ ಬೆಟ್ಟಕ್ಕೆ ಕಾರು, ಉಳಿದಂತೆ ಸುಮಾರು 20 ಕಿಲೋಮೀಟರ್ ಕಾಲ್ನಡಿಗೆ. ಬೆಳಿಗ್ಗೆ 6ಕ್ಕೆ ಹೊರಟರೆ ಕತ್ತಲಾಗುವುದರೊಳಗೆ ಮುಗಿಯುತ್ತದೆಯೇ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಒಣ ದಿನವಾಗಿದ್ದರೆ ಮುಗಿಯಬಹುದು, ಹಸ್ತಾ ಮಳೆಯಲ್ಲಿ ಮುಗಿಯುವುದಿಲ್ಲ. ಬೆಟ್ಟದ ನಡಿಗೆಗೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕವೊಂದಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸಮುದ್ರಮಟ್ಟದಿಂದ ನಂದಿಬೆಟ್ಟ 1478 ಮೀಟರ್, ಸ್ಕಂದಗಿರಿ ಸುಮಾರು 1450 ಮೀಟರ್; ಸುತ್ತಲಿನ ಬಯಲು 900ರ ಆಸುಪಾಸಿನಲ್ಲಿರುವುದರಿಂದ ಬೆಟ್ಟವೊಂದಕ್ಕೆ 500 ಮೀಟರ್ ಏರು ಎಂದಿಟ್ಟುಕೊಳ್ಳೋಣ. ಮೂರು ಬೆಟ್ಟಗಳಿಗೆ ಆರೂವರೆ ಗಂಟೆಯಾಯಿತು. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆಯುವ ಲೆಕ್ಕ. ನೆನೆದ ಬಂಡೆಗಾಗಿ ಅದರ ಅರ್ಧವನ್ನಾದರೂ ಸೇರಿಸಿದರೆ ಹತ್ತು ಗಂಟೆಯ ಸಮೀಪಕ್ಕೆ ಬರುತ್ತದೆ. ಕಾರಿನ ಓಡಾಟ, ಬುತ್ತಿ ಬಿಚ್ಚಿ ಉಣ್ಣುವುದು, ಹಿಂದುಳಿದವರಿಗೆ ಕಾಯುವುದು ಎಲ್ಲವೂ ಕೂಡಿದರೆ ಹನ್ನೆರಡು. ಅಕ್ಟೋಬರ್ ಮೊದಲ ವಾರದಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಅಂದರೆ ಮೂರನೆಯ ಬೆಟ್ಟದ ಇಳಿಜಾರು, ದಣಿದ ಮೊಣಕಾಲು ಮತ್ತು ಕತ್ತಲೆ, ಮೂರೂ ಒಟ್ಟಿಗೆ ಎದುರಾಗುತ್ತವೆ.

ನೀವು ಏರುವ ಶಿಖರಗಳನ್ನು ಎಣಿಸಿದ್ದೀರಿ. ಮಳೆಯಲ್ಲಿ ಎಣಿಸಬೇಕಾದದ್ದು ಇಳಿಯುವ ಬಂಡೆಗಳನ್ನು. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ನಮ್ಮ ಸೀಮೆಯ ಕಲ್ಲುಬೆಟ್ಟಗಳ ಮಟ್ಟಿಗೆ ಮಳೆಯ ದಿನ ತಿರುವುಮುರುವಾಗುತ್ತದೆ, ಹತ್ತಿರ ಹೋದ ಮೇಲೆಯೇ ಅವು ನುಣ್ಣಗಾಗುವುದು. ಕೆಲವು ವರ್ಷಗಳ ಹಿಂದೆ ಇಂಥದೇ ಜಡಿಮಳೆಯಲ್ಲಿ ಸ್ಕಂದಗಿರಿಯಿಂದ ಇಳಿಯುತ್ತಿದ್ದ ನಾನು, ಬಂಡೆಯ ಮೇಲೆ ಉದ್ದಕ್ಕೆ ಹರಿದಿದ್ದ ಕಪ್ಪು ಪಟ್ಟೆಯೊಂದರ ಮೇಲೆ ಕಾಲಿಟ್ಟು, ಮರುಕ್ಷಣದಲ್ಲಿ ಕುಳಿತ ಭಂಗಿಯಲ್ಲೇ ಎರಡಾಳು ದೂರ ಜಾರಿ ಲಂಟಾನದ ಪೊದೆಯೊಂದರಲ್ಲಿ ನಿಂತಿದ್ದೆ. ಪ್ಯಾಂಟು ಹರಿಯಿತು, ಅಂಗೈಯ ಚರ್ಮ ಸುಲಿಯಿತು. ಪೊದೆ ಇರದಿದ್ದರೆ ಈ ಅಂಕಣವನ್ನು ಬೇರೆಯವರು ಬರೆಯುತ್ತಿದ್ದರು. ಆ ಕಪ್ಪು ಪಟ್ಟೆ ನೀರು ಜಿನುಗುವ ಜಾಡಿನಲ್ಲಿ ಕಟ್ಟಿಕೊಳ್ಳುವ ಪಾಚಿ. ಒಣಗಿದಾಗ ಉಪ್ಪುಕಾಗದದಂತೆ ತರಿತರಿಯಾಗಿರುವ ಅದು ನೆನೆದರೆ ಸಾಬೂನಿಗೆ ಸಮ. ಬೂದುಬಣ್ಣದ ತರಿಗಲ್ಲು ಮಳೆಯಲ್ಲೂ ಕಾಲನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಬಣ್ಣ ನೋಡಿ ಹೆಜ್ಜೆಯಿಡಿ, ಕಪ್ಪನ್ನು ದಾಟಲೇಬೇಕಾದಲ್ಲಿ ಅಂಚಿನ ಹುಲ್ಲಿನ ಬುಡ ಹಿಡಿದು ಬನ್ನಿ.

ಇನ್ನು ಸಿಡಿಲಿನ ವಿಚಾರ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೆಚ್ಚು, ಮಳೆ ತುಂತುರು. ಹಸ್ತಾ, ಚಿತ್ತಾ ಮಳೆಗಳು ಹಾಗಲ್ಲ. ಬೆಳಿಗ್ಗೆ ಬಿಸಿಲು ಕಾದು, ಮಧ್ಯಾಹ್ನದ ನಂತರ ಗುಡುಗುತ್ತಾ ಬರುವುದೇ ಅವುಗಳ ರೂಢಿ. ಮಿಂಚು ಕಂಡು ಗುಡುಗು ಕೇಳುವಷ್ಟರಲ್ಲಿ ಮೂವತ್ತು ಎಣಿಸಲಾಗದಿದ್ದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ತಕ್ಷಣ ಶಿಖರ ಬಿಟ್ಟು ಇಳಿಯಿರಿ, ಒಂಟಿ ಮರದಡಿಯಾಗಲೀ ಕೋಟೆಯ ಪಾಳುಗೋಡೆಯ ಮಗ್ಗುಲಲ್ಲಾಗಲೀ ನಿಲ್ಲಬೇಡಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಏರಬೇಡಿ.

ನನ್ನ ಸಲಹೆ: ಚನ್ನಗಿರಿಯನ್ನು ಈ ಸಲ ಬಿಡಿ. ಕಳವಾರದ ಪಾಪಾಗ್ನಿ ಮಠದ ಕಡೆಯಿಂದ ಸ್ಕಂದಗಿರಿಯನ್ನು ಮೊದಲು ಮುಗಿಸಿ (ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಪಡೆದಿರಬೇಕು), ಆಮೇಲೆ ಸುಲ್ತಾನ್‌ಪೇಟೆಯ ಮೆಟ್ಟಿಲುಗಳಿಂದ ನಂದಿಯನ್ನೇರಿ. ಕಷ್ಟದ ಬಂಡೆ ಹೊಸ ಕಾಲಿಗಿರಲಿ, ಮೆಟ್ಟಿಲು ದಣಿದ ಕಾಲಿಗಿರಲಿ.

ಪ್ರಶ್ನೆ: ಬೆಟ್ಟದ ಮಳೆಗೆ ಕೊಡೆ ಸಾಕೇ? ಜೀನ್ಸ್ ಧರಿಸಬಹುದೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಕೊಡೆ ಮೊದಲ ಗಾಳಿಗೇ ಮಗುಚಿಕೊಳ್ಳುತ್ತದೆ, ಜೊತೆಗೆ ಬಂಡೆ ಹಿಡಿಯಬೇಕಾದ ಒಂದು ಕೈಯನ್ನೂ ಕಟ್ಟಿಹಾಕುತ್ತದೆ. ಜೀನ್ಸ್ ಬೇಡವೇ ಬೇಡ. ನೆನೆದ ಹತ್ತಿಬಟ್ಟೆ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಗಾಳಿಯೂ ಸೇರಿದರೆ ನಂದಿಯಂಥ ಎತ್ತರದಲ್ಲೂ ಹಲ್ಲು ಕಟಕಟ ಎನ್ನುತ್ತದೆ. ಕುರಿ ಕಾಯುವವರು ಕಂಬಳಿಯ ಒಂದು ಮೂಲೆಯನ್ನು ಒಳಮಡಿಸಿ ತಲೆಗೇರಿಸಿಕೊಳ್ಳುವ ಕೊಪ್ಪೆಯನ್ನು ನೋಡಿದ್ದೀರಲ್ಲ? ಉಣ್ಣೆಯ ಸುರುಳಿ ಎಳೆಗಳ ನಡುವೆ ಗಾಳಿ ಉಳಿಯುವುದರಿಂದ ಕಂಬಳಿ ನೆನೆದರೂ ಬೆಚ್ಚಗಿರುತ್ತದೆ. ನೀವು ಕಂಬಳಿ ಹೊರಬೇಕಿಲ್ಲ. ಬೇಗ ಒಣಗುವ ಪಾಲಿಯೆಸ್ಟರ್ ಉಡುಪು, ಮೇಲೊಂದು ರೇನ್‌ಕೋಟ್, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಣ ಅಂಗಿ ಇದ್ದರೆ ಸಾಕು.

ಪ್ರಶ್ನೆ: ಇಂಬಳಗಳ ಕಾಟವಿದೆಯೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಇದು ಮಲೆನಾಡಲ್ಲ, ಆ ಕಾಟವಿಲ್ಲ. ಮುಳ್ಳಿನ ಕಾಟವಿದೆ.

ಪ್ರಶ್ನೆ: ಮೋಡ ಕವಿದು ಹತ್ತಡಿ ಆಚೆಗೆ ಏನೂ ಕಾಣದಿದ್ದರೆ ಅಷ್ಟು ದೂರ ನಡೆದು ಫಲವೇನು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ದೂರ ಕಾಣದಿದ್ದರೆ ಕಾಲಬುಡವನ್ನು ನೋಡಿ. ಬಂಡೆಯ ದೊಣೆಗಳು ತುಂಬಿ, ತುಳುಕಿ, ಬೆರಳಗಲದ ಧಾರೆಗಳಾಗಿ ಹೊರಡುವುದು ಕಾಣುವುದು ಮಳೆಯ ದಿನ ಮಾತ್ರ. ಈ ಬೆಟ್ಟಸಾಲು ನೀರನ್ನು ಹಂಚುವ ದಿಬ್ಬ. ನಂದಿಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೆ ಇಳಿದು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯನ್ನು ಹಾದು ತಮಿಳುನಾಡಿಗೆ ಹೋಗುತ್ತದೆ. ಉತ್ತರ ಪಿನಾಕಿನಿ ಆಂಧ್ರಕ್ಕೆ ತಿರುಗಿ ನೆಲ್ಲೂರಿನ ಬಳಿ ಕಡಲು ಕಾಣುತ್ತದೆ. ದಿಕ್ಸೂಚಿಯೊಂದು ಜೇಬಿನಲ್ಲಿರಲಿ. ಧಾರೆ ಉತ್ತರಕ್ಕೆ ಮುಖಮಾಡಿದ್ದರೆ, ಮೊದಲ ಪ್ರಶ್ನೆ ಕೇಳಿದವರ ಗೌರಿಬಿದನೂರಿನ ಮಗ್ಗುಲಿನ ಹೊಳೆಗೆ ಹೊರಟ ನೀರು ಅದಾಗಿರಬಹುದು.