ಸ್ವೇ ಬಾರ್‌ನ ತೂತು ಬದಲಿಸಿದರೆ ಮೋಟರ್‌ಹೋಮ್ ನೆಟ್ಟಗೆ ಓಡುತ್ತದೆಯೇ?

ಮೋಟರ್‌ಹೋಮ್, ಅಂದರೆ ಒಳಗೇ ಮನೆಯಿರುವ ಗಾಡಿ, ಇಟ್ಟುಕೊಂಡವರು ಕಳಿಸುವ ಪ್ರಶ್ನೆಗಳು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ. "ಗಾಡಿ ವಾಲಾಡುತ್ತದೆ, ಮನೆಯಲ್ಲೇ ಏನಾದರೂ ಮಾಡಬಹುದಾ?" ಮಾಡಬಹುದು. ಇದಕ್ಕೆ ಇಷ್ಟು ದಿನ ಎರಡೆರಡು ಸಾಲಿನ ಉತ್ತರ ಕೊಟ್ಟೆ. ಓದಿದವರು ಅರ್ಧ ಮಾತ್ರ ಹಿಡಿದುಕೊಂಡು ಗಾಡಿಯ ಅಡಿಗೆ ಹೋಗುತ್ತಿದ್ದಾರೆ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ಗಾಡಿಯ ಅಡಿಯಲ್ಲಿ ಆಕ್ಸಲ್ (ಚಕ್ರಗಳ ಅಚ್ಚು) ಯಾವುದು, ಲಿಂಕ್ (ಸ್ವೇ ಬಾರ್‌ನ ತುದಿಯನ್ನು ಹಿಡಿಯುವ ಕಡ್ಡಿ) ಯಾವುದು ಅಂತ ಗುರುತಿಸಿ ತೋರಿಸುವುದಿಲ್ಲ. ಅದು ಗೊತ್ತಿಲ್ಲದವರು ದಯವಿಟ್ಟು ಸ್ಪ್ಯಾನರ್ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಮೋಟರ್‌ಹೋಮ್ ತಿರುವಿನಲ್ಲಿ ವಿಪರೀತ ವಾಲುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಹೋದರೆ ಯಾರೋ ತಳ್ಳಿದ ಹಾಗಾಗುತ್ತದೆ. ನೇರ ರಸ್ತೆಯಲ್ಲೂ ಸ್ಟೀರಿಂಗ್ ತಿದ್ದುತ್ತಲೇ ಇರಬೇಕು. ಸ್ವೇ ಬಾರ್‌ನ ಲಿಂಕನ್ನು ತುದಿಯ ತೂತಿನಿಂದ ತೆಗೆದು ಒಳಗಿನ ತೂತಿಗೆ ಹಾಕಿದರೆ ಖರ್ಚಿಲ್ಲದೆ ಎಲ್ಲ ಸರಿಹೋಗುತ್ತದೆ ಅಂತಾರೆ. ಮಾಡಲಾ?

ನೀವು ಹೇಳಿದ್ದು ಒಂದು ಕಾಯಿಲೆಯಲ್ಲ, ಮೂರು. ಮೂರಕ್ಕೂ ಇದೊಂದೇ ಮಾತ್ರೆ ಸಾಕು ಅಂತ ನಿಮಗೆ ಹೇಳಿದವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಮೊದಲು ವಾಲುವುದನ್ನು ನೋಡೋಣ. ಸ್ವೇ ಬಾರ್, ಅಂದರೆ ಎಡ ಬಲ ಚಕ್ರಗಳ ನಡುವೆ ಅಡ್ಡ ಇರುವ ಉಕ್ಕಿನ ಸಲಾಕೆ, ಇರುವುದೇ ಇದಕ್ಕೆ. ಎರಡೂ ಕಡೆಯ ಚಕ್ರ ಒಟ್ಟಿಗೆ ಮೇಲೆದ್ದರೆ ಅದು ಸುಮ್ನೆ ಬುಷ್‌ನೊಳಗೆ (ಅದನ್ನು ಹಿಡಿದಿರುವ ರಬ್ಬರ್ ಬಳೆ) ತಿರುಗುತ್ತದೆ. ಗಾಡಿ ಒಂದು ಕಡೆಗೆ ವಾಲಿದಾಗ ಮಾತ್ರ ತಿರುಚಿಕೊಂಡು ಎದುರು ಒತ್ತುತ್ತದೆ. ಲಿಂಕನ್ನು ಒಳಗಿನ ತೂತಿಗೆ ತಂದರೆ ಬಾರ್‌ನ ತೋಳು ಗಿಡ್ಡ ಆಗುತ್ತದೆ, ಬಾರ್ ಬಿಗಿಯಾಗುತ್ತದೆ. ಎಷ್ಟು ಬಿಗಿ ಅನ್ನುವುದಕ್ಕೆ ಲೆಕ್ಕವಿದೆ. ತೋಳು ಗಿಡ್ಡವಾದಷ್ಟೂ ಬಿಗಿ ಏರುವುದು ಉದ್ದದ ವರ್ಗಕ್ಕೆ ವಿಲೋಮವಾಗಿ. 300 ಮಿ.ಮೀ. ಇದ್ದ ತೋಳು 250 ಆದರೆ 300ನ್ನು 250ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 1.44 ಬರುತ್ತದೆ. ಅಂದರೆ ಬರೀ 50 ಮಿ.ಮೀ. ಸರಿಸಿದ್ದಕ್ಕೆ ಶೇ. 44ರಷ್ಟು ಜಾಸ್ತಿ ಬಿಗಿ. ಫೋರ್ಡ್ ಎಫ್-53 ಚಾಸಿಯ (ಗಾಡಿಯ ಅಡಿಯ ಚೌಕಟ್ಟು) ಮೇಲೆ ಕಟ್ಟಿದ ಗಾಡಿಗಳವರಲ್ಲಿ ಈ ಉಪಾಯ ಹೆಸರಾಗಿದ್ದು ಸುಮ್ಮನೆ ಅಲ್ಲ. ಅದರಲ್ಲಿ ಬಾರ್‌ನ ತುದಿಗೆ ಕಾರ್ಖಾನೆಯಲ್ಲೇ ಎರಡು ತೂತು ಇರುತ್ತವೆ. ಬದಲಿಸಿದವರಿಗೆ ತಿರುವಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಆದರೆ ಎಷ್ಟೋ ಗಾಡಿಗಳ ಬಾರ್‌ಗೆ ಇರುವುದು ಒಂದೇ ತೂತು. ಅಂಥವರು "ಡ್ರಿಲ್ ಹಾಕಿ ಇನ್ನೊಂದು ಮಾಡಿಕೊಳ್ಳಲಾ?" ಅಂತ ಕೇಳುತ್ತಾರೆ. ಬೇಡ. ಆ ಬಾರ್ ಹದ ಮಾಡಿದ ಸ್ಪ್ರಿಂಗ್ ಉಕ್ಕು. ದಿನಕ್ಕೆ ಸಾವಿರ ಸಲ ತಿರುಚಿಕೊಳ್ಳುವ ಉಕ್ಕಿಗೆ ನೀವು ತೂತು ಕೊರೆದರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಒಂದೇ ತೂತಿದ್ದರೆ ದಪ್ಪ ಬಾರ್ ತಂದು ಹಾಕಿ. ಬಾರ್‌ನ ಬಿಗಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 25 ಮಿ.ಮೀ. ಬಾರ್ ಜಾಗಕ್ಕೆ 28 ಮಿ.ಮೀ. ಬಂದರೆ ಶೇ. 57ರಷ್ಟು ಜಾಸ್ತಿ. ನೋಡಲು ಮೂರೇ ಮಿಲಿಮೀಟರ್.

ಬಾರ್ ಬಿಗಿಯಾದರೆ ಕಳೆದುಕೊಳ್ಳುವುದೂ ಇದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಆ ಹೊಡೆತ ಇನ್ನೊಂದು ಕಡೆಗೂ ದಾಟುತ್ತದೆ, ಒಳಗೆ ಕೂತವರ ತಲೆ ಆ ಕಡೆ ಈ ಕಡೆ ತೂಗುತ್ತದೆ. ಮುಂದಿನದನ್ನು ಮಾತ್ರ ಬಿಗಿ ಮಾಡಿದರೆ ತಿರುವಿನಲ್ಲಿ ಮೂತಿ ಹೊರಗಡೆಗೆ ಎಳೆಯುತ್ತದೆ. ಹಿಂದಿನದನ್ನು ಮಾತ್ರ ಮಾಡಿದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರುವ ಕಡೆಗೆ ಹೋಗುತ್ತದೆ. ಇದು ಜಾಸ್ತಿ ಅಪಾಯ. ಆದ್ದರಿಂದ ಹಿಂದೊಂದನ್ನೇ ಬದಲಿಸಿ ಸುಮ್ಮನಾಗಬೇಡಿ.

ಇನ್ನು ಲಾರಿ ತಳ್ಳುವುದು. ಲಾರಿಯ ಮೂತಿ ಗಾಳಿಯನ್ನು ದೂಡಿಕೊಂಡು ಬರುತ್ತದೆ, ಅದು ಮೊದಲು ನಿಮ್ಮನ್ನು ಆಚೆ ತಳ್ಳುತ್ತದೆ. ಲಾರಿ ಪಕ್ಕಕ್ಕೆ ಬಂದ ಮೇಲೆ ಒಳಕ್ಕೆ ಎಳೆಯುತ್ತದೆ. ಗೋಡೆಯಂಥ ಮೈ ಇರುವ ಗಾಡಿಗೆ ಇದು ಪೂರ್ತಿ ಹೋಗುವುದಿಲ್ಲ. ಆದರೆ ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಗಾಡಿಗಳಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವುದು ಆ ಪಟ್ಟಿಗಳು ಮತ್ತು ಅವುಗಳ ಬುಷ್ ಮಾತ್ರ. ಗಾಳಿ ಬಾಲಕ್ಕೆ ಹೊಡೆದಾಗ ಮೈ ಆಕ್ಸಲ್ ಮೇಲೆ ಪಕ್ಕಕ್ಕೆ ಜರುಗುತ್ತದೆ. ನಿಮಗೆ ಗಾಡಿ ತಿರುಗಿದ ಹಾಗೆ ಅನ್ನಿಸಿ ಸ್ಟೀರಿಂಗ್ ತಿದ್ದುತ್ತೀರಿ. ಅಷ್ಟರಲ್ಲಿ ಮೈ ವಾಪಸ್ ಬಂದಿರುತ್ತದೆ, ಮತ್ತೆ ತಿದ್ದುತ್ತೀರಿ. ಇದಕ್ಕೆ ಮದ್ದು ಪ್ಯಾನ್‌ಹಾರ್ಡ್ ರಾಡ್, ಅಂದರೆ ಆಕ್ಸಲ್‌ನಿಂದ ಚಾಸಿಗೆ ಅಡ್ಡ ಕಟ್ಟುವ ಸಲಾಕೆ. ಕೆಲವರು ಟ್ರ್ಯಾಕ್ ಬಾರ್ ಅನ್ನುತ್ತಾರೆ. ನಿಮ್ಮ ಚಾಸಿಗೆಂದೇ ಮಾಡಿದ್ದು ಸಿಕ್ಕರೆ ಮಾತ್ರ ಹಾಕಿ. ಚಾಸಿಗೆ ವೆಲ್ಡ್ ಮಾಡಿ ಕೂರಿಸುತ್ತೇವೆ ಅನ್ನುವವರಿಂದ ದೂರ ಇರಿ.

ಅದಕ್ಕೂ ಮುಂಚೆ ಬಾಲದಲ್ಲಿ ಏನು ನೇತುಹಾಕಿದ್ದೀರಿ ನೋಡಿ. ಹಿಂದಿನ ಆಕ್ಸಲ್‌ನಿಂದ 2.5 ಮೀಟರ್ ಹಿಂದೆ 120 ಕೆ.ಜಿ. ಸ್ಕೂಟರ್ ಇದೆ, ಎರಡು ಆಕ್ಸಲ್ ನಡುವೆ 4 ಮೀಟರ್ ಅಂತರ ಅಂದುಕೊಳ್ಳಿ. 120ನ್ನು 2.5ರಿಂದ ಗುಣಿಸಿ 4ರಿಂದ ಭಾಗಿಸಿದರೆ 75. ಅಷ್ಟು ಕೆ.ಜಿ. ಮುಂದಿನ ಚಕ್ರಗಳಿಂದ ಎತ್ತಿಹೋಯಿತು. ಹಿಂದಿನ ಆಕ್ಸಲ್ ಮೇಲೆ ಬಿದ್ದದ್ದು 120 ಅಲ್ಲ, 195 ಕೆ.ಜಿ. ಸ್ಟೀರಿಂಗ್ ಮಾಡುವ ಚಕ್ರಗಳೇ ಹಗುರಾದರೆ ಯಾವ ಬಾರ್ ಏನು ಮಾಡೀತು? ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಎಷ್ಟೋ ಗಾಡಿಗಳು ಹಿಂದಿನ ಪೆಟ್ಟಿಗೆ ಖಾಲಿ ಮಾಡಿದ್ದಕ್ಕೇ ಅರ್ಧ ಸರಿಹೋಗಿವೆ.

ಮೂರನೆಯದು, ಗಾಳಿಯಿಲ್ಲದ ನೇರ ರಸ್ತೆಯಲ್ಲಿ ಅಲೆಯುವುದು. ಸ್ವೇ ಬಾರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಟೈರ್ ಗಾಳಿ, ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಓರೆ), ಕ್ಯಾಸ್ಟರ್ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ಬಾಗಿರುವ ಓರೆ), ಸ್ಟೀರಿಂಗಿನ ಕೀಲುಗಳಾದ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ತುದಿಗಳ ಸವೆತ, ಈ ನಾಲ್ಕರಲ್ಲಿ ಹುಡುಕಿ. ಗಾಳಿಯನ್ನು ಅಂದಾಜಿನಲ್ಲಿ ಹಾಕಬೇಡಿ. ಟೈರ್‌ನ ಪಕ್ಕದಲ್ಲಿ ಬರೆದಿರುವುದು ಆ ಟೈರ್ ಹೊರಬಹುದಾದ ಪೂರ್ತಿ ಭಾರಕ್ಕೆ ಬೇಕಾದ ಗಾಳಿ, ನಿಮ್ಮ ಗಾಡಿಯ ಭಾರಕ್ಕಲ್ಲ. ಊಟ, ಬಟ್ಟೆ, ನೀರು, ಜನ ಎಲ್ಲ ತುಂಬಿಸಿಕೊಂಡು ಒಂದೊಂದು ಚಕ್ರವನ್ನೂ ಬೇರೆ ಬೇರೆ ತೂಕ ಮಾಡಿಸಿ. 300 ಲೀಟರ್ ನೀರು ಅಂದರೆ 300 ಕೆ.ಜಿ. ಆಮೇಲೆ ಟೈರ್ ಕಂಪನಿಯ ಭಾರ–ಗಾಳಿ ಪಟ್ಟಿ ನೋಡಿ. ಒಂದು ಆಕ್ಸಲ್‌ನಲ್ಲಿ ಯಾವ ಕಡೆ ಭಾರ ಜಾಸ್ತಿಯೋ ಆ ಕಡೆಗೆ ಬೇಕಾದ ಗಾಳಿಯನ್ನೇ ಎರಡೂ ಕಡೆ ಹಾಕಿ, ಟೈರ್ ತಣ್ಣಗಿದ್ದಾಗ. ಅಲೈನ್‌ಮೆಂಟ್, ಅಂದರೆ ಟೋ, ಕ್ಯಾಸ್ಟರ್ ಹೊಂದಿಸುವುದು ಕೂಡ ಇದೇ ಭಾರದಲ್ಲೇ ಆಗಬೇಕು. ಖಾಲಿ ಗಾಡಿಗೆ ಮಾಡಿಸಿದ ಅಲೈನ್‌ಮೆಂಟ್ ಪ್ರವಾಸ ಹೊರಟ ದಿನವೇ ಸುಳ್ಳಾಗಿರುತ್ತದೆ.

ಇಷ್ಟಾದ ಮೇಲೆ ಗಾಡಿ ಓಡಿಸಿ ನೋಡಿ. ಇನ್ನೂ ತಿರುವಿನಲ್ಲಿ ವಾಲುತ್ತಿದೆ ಅಂದರೆ ಬಾರ್‌ನ ಬುಷ್ ನೋಡಿ. ರಬ್ಬರ್ ಸತ್ತಿದ್ದರೆ ಲಿಂಕ್ ಯಾವ ತೂತಿನಲ್ಲಿದ್ದರೂ ಅಷ್ಟೆ. ಬುಷ್ ಚೆನ್ನಾಗಿದ್ದರೆ ಆಗ ತೂತು ಬದಲಿಸಿ.

ಕೆಲಸವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ಮಾಡಿ. ಗಾಡಿಯ ಭಾರ ನಾಲ್ಕೂ ಚಕ್ರದ ಮೇಲಿರಲಿ, ಚಕ್ರಗಳಿಗೆ ಅಡ್ಡ ಕೊಟ್ಟಿರಲಿ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ನಿಂತಿರುತ್ತದೆ. ಬೋಲ್ಟ್ ತೆಗೆದ ಕ್ಷಣ ಚಿಮ್ಮುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ಇಳಿಜಾರಿನಲ್ಲಿ ನಿಂತ ಗಾಡಿಗೆ ಹೀಗೆ ಕೈ ಹಾಕಿದ್ದೆ. ಲಿಂಕ್ ಬಂದು ಮಣಿಕಟ್ಟಿಗೆ ಬಡಿಯಿತು, ಆರು ವಾರ ಬಲಗೈಯಲ್ಲಿ ಲೋಟ ಹಿಡಿಯಲಾಗಲಿಲ್ಲ. ಅಡಿಗೆ ಹೋಗಲು ಜಾಗ ಸಾಲದಿದ್ದರೆ ಗಾಡಿಯ ಭಾರ ತಡೆಯುವ ರ‍್ಯಾಂಪ್ ಮೇಲೆ ಎರಡೂ ಚಕ್ರಗಳನ್ನು ಒಟ್ಟಿಗೆ ಹತ್ತಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ, ಎರಡು ನಿಮಿಷಕ್ಕೂ ಬೇಡ. ಏರ್ ಸಸ್ಪೆನ್ಶನ್ ಇರುವ ಗಾಡಿಯಾದರಂತೂ ಚಾಸಿಗೆ ಸ್ಟ್ಯಾಂಡ್ ಕೊಡದೆ ತಲೆ ಒಳಗೆ ಹಾಕಲೇಬೇಡಿ. ಒಂದು ಪೈಪ್ ಬಿಟ್ಟುಕೊಂಡರೆ ಇಡೀ ಮೈ ಕೆಳಗಿಳಿಯುತ್ತದೆ, ಹೊರಗೆ ಬರಲು ಸಮಯ ಇರುವುದಿಲ್ಲ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕು ಅನ್ನಿಸುವುದಿಲ್ಲ.

ಎರಡೂ ಕಡೆ ಒಂದೇ ತೂತು. ಲಾಕ್ ನಟ್ ಹೊಸದೇ ಹಾಕಿ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ಆಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಲಿಂಕ್ ಟೈರಿಗಾಗಲಿ ಬ್ರೇಕ್ ಹೋಸಿಗಾಗಲಿ ತಾಗುತ್ತಿಲ್ಲ ಅಂತ ಕಣ್ಣಾರೆ ನೋಡಿ. ಲಿಂಕ್ ಜಾಸ್ತಿ ಓರೆಯಾಗಿ ನಿಂತರೆ ಹಳೇ ತೂತಿಗೇ ವಾಪಸ್ ಹಾಕಿ. 100 ಕಿ.ಮೀ. ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ. ಆ ದಿನ ಬೇರೆ ಏನನ್ನೂ ಬದಲಿಸಬೇಡಿ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದರೆ ಅಲೆದಾಟ ನಿಲ್ಲುತ್ತದೆ ಅಂದರು ಒಬ್ಬ ಮೆಕ್ಯಾನಿಕ್. ನಿಜವಾ?

ಆ ಮೆಕ್ಯಾನಿಕ್ ಹತ್ತಿರ ಮತ್ತೆ ಹೋಗಬೇಡಿ. ಆ ಸ್ಕ್ರೂ ಇರುವುದು ಒಳಗಿನ ಹಲ್ಲುಗಳ ಅಂತರ ಹೊಂದಿಸಲು, ಅದನ್ನು ಅಳತೆ ನೋಡಿ ಮಾಡಬೇಕು. ಜಾಸ್ತಿ ಬಿಗಿಯಾದರೆ ಸ್ಟೀರಿಂಗ್ ನಡುವಿನಲ್ಲಿ ಹಿಡಿದುಕೊಳ್ಳುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ಆಗ ಅಲೆದಾಟ ಇನ್ನೂ ಹೆಚ್ಚುತ್ತದೆ, ಬಾಕ್ಸ್ ಕೂಡ ಹಾಳಾಗುತ್ತದೆ. ಟೈ ರಾಡ್ ತುದಿ ಸವೆದಿದ್ದನ್ನು ನೋಡಲು ಸೋಮಾರಿಯಾದವರು ಹೇಳುವ ಮಾತಿದು.

ಪ್ರಶ್ನೆ: ಹಿಂದೆ ಸ್ಪ್ರಿಂಗ್‌ಗೆ ನೆರವಾಗುವ ಏರ್ ಬ್ಯಾಗ್ ಹಾಕಿಸಿದರೆ ಇನ್ನೂ ಸ್ವಲ್ಪ ಸಾಮಾನು ತುಂಬಬಹುದು, ಅಲ್ವಾ?

ಇಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್ ಎಲ್ಲ ಹಳೆಯವೇ. ಬ್ಯಾಗ್ ಕುಸಿದ ಬಾಲವನ್ನು ಎತ್ತುತ್ತದೆ, ಗಾಡಿಗೆ ಅಂಟಿಸಿದ ತಟ್ಟೆಯ ಮೇಲೆ ಬರೆದ ತೂಕದ ಮಿತಿಯನ್ನು ಎತ್ತುವುದಿಲ್ಲ. ಇನ್ನೊಂದು ಮಾತು: ಹಿಂಭಾಗವನ್ನು ಬೇಕಾದ್ದಕ್ಕಿಂತ ಮೇಲೆತ್ತಿದಷ್ಟೂ ಮುಂದಿನ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಗಾಡಿ ನೇರ ಹಿಡಿಯುವ ಗುಣ ಹೋಗುತ್ತದೆ. ಕಾರ್ಖಾನೆ ಹೇಳಿದ ಎತ್ತರಕ್ಕೆ ನಿಲ್ಲಿಸಿ.

ಪ್ರಶ್ನೆ: ಟೈರ್ ಗಾಳಿ ಸ್ವಲ್ಪ ಇಳಿಸಿದರೆ ಓಟ ಮೆತ್ತಗಾಗುತ್ತದಾ?

ಆಗುತ್ತದೆ, ಟೈರ್ ಬಿಸಿಯಾಗಿ ಸಿಡಿಯುವವರೆಗೆ.

ಪ್ರಶ್ನೆ: ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅದುರಾಟ ತಡೆಯುವ ಶಾಕ್) ಹಾಕಿಸಲಾ?

ಅಲೈನ್‌ಮೆಂಟ್ ಸರಿ ಮಾಡಿಸಿದ ಮೇಲೆ ಕೇಳಿ. ಅದು ರೋಗವನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ.

ಪ್ರಶ್ನೆ: ಬಂಪರ್ ಒತ್ತಿ ಬಿಟ್ಟು ನೋಡಿದೆ, ಗಾಡಿ ಕುಣಿಯಲಿಲ್ಲ. ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ ಅಂತ ತಾನೆ?

ಅದು ಸಣ್ಣ ಕಾರಿನ ಪರೀಕ್ಷೆ. ಹಲವು ಟನ್ ಗಾಡಿ ನಿಮ್ಮ ಕೈಗೆ ಅಲುಗುವುದೇ ಇಲ್ಲ. ಎಣ್ಣೆ ಸೋರಿದೆಯಾ ನೋಡಿ, ಉಬ್ಬು ದಾಟಿದ ಮೇಲೆ ಎಷ್ಟು ಸಲ ಏಳುತ್ತದೆ ಬೀಳುತ್ತದೆ ಎಣಿಸಿ.

ಪ್ರಶ್ನೆ: ಟೈರ್ ಹೂವು (ನೆಲ ಹಿಡಿಯುವ ಗೆರೆಗಳು) ಇನ್ನೂ ಹೊಸದರಂತಿದೆ. ಬದಲಿಸಬೇಕಾ?

ಹೂವು ನೋಡಬೇಡಿ, ಹುಟ್ಟಿದ ತಾರೀಕು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂದರೆ 2014ರ 23ನೇ ವಾರ. ಮೋಟರ್‌ಹೋಮ್ ಟೈರ್ ಓಡಿ ಸವೆಯುವುದಕ್ಕಿಂತ ನಿಂತೇ ಮುಪ್ಪಾಗುವುದು ಜಾಸ್ತಿ. ಹತ್ತು ವರ್ಷ ದಾಟಿದ್ದರ ಮೇಲೆ ನಾನು ನನ್ನ ಮನೆಯವರನ್ನು ಕೂರಿಸುವುದಿಲ್ಲ.

ಪ್ರಶ್ನೆ: ದಪ್ಪ ಬಾರ್, ಏರ್ ಬ್ಯಾಗ್, ಡ್ಯಾಂಪರ್, ಹೊಸ ಶಾಕ್ ಎಲ್ಲ ಹಾಕಿಸಿದ್ದಾಯಿತು. ಇನ್ನೂ ನೆಟ್ಟಗಾಗಿಲ್ಲ. ಇನ್ನೇನು ಹಾಕಲಿ?

ಏನೂ ಹಾಕಬೇಡಿ. ಎರಡು ಪುಟ ಬರೆದಿದ್ದೀರಿ, ಯಾವ ಸಾಮಾನನ್ನು ಯಾವ ತಿಂಗಳು ಹಾಕಿಸಿದಿರಿ ಅಂತೆಲ್ಲ ಇದೆ. ಗಾಡಿಯ ತೂಕ ಮಾತ್ರ ಒಂದು ಕಡೆಯೂ ಇಲ್ಲ. ಪ್ರವಾಸಕ್ಕೆ ಹೊರಡುವಷ್ಟು ತುಂಬಿಸಿ, ಒಂದೊಂದು ಚಕ್ರದ ತೂಕ, ಈಗಿರುವ ಟೈರ್ ಗಾಳಿ, ಹಿಂದಿನ ಆಕ್ಸಲ್‌ನಿಂದ ಬಾಲದವರೆಗಿನ ಉದ್ದ ಬರೆದು ಕಳಿಸಿ. ಅಲ್ಲಿಂದ ಶುರು ಮಾಡೋಣ.